ಹದಿನೇಳು ನಂಬರಿನ ಪಾನಾ

ಗುರುವಾರ ಬೆಳಿಗ್ಗೆ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಇದ್ದೆವು. ನನ್ನ ಗಂಡನನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ಬಂದವರೆಲ್ಲ ಹಿಂದಿನ ಸಂಜೆ ಹೋಗಿದ್ದರು. ಹಾಲಿನವನು ಎಂದಿನಂತೆ ಒಂದು ಲೀಟರ್ ಹಾಕಿ ಹೋದ. ಇನ್ನು ಅಷ್ಟು ಬೇಡವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅತ್ತೆಗೆ ಸೋಮವಾರ, ಗುರುವಾರ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್. ಎರಡು ವರ್ಷದಿಂದ ದುಮ್ಮವಾಡದಿಂದ ಹಳೆಯ ಓಮ್ನಿಯಲ್ಲಿ ಕರೆದೊಯ್ದು ತರುತ್ತಿದ್ದವರು ನನ್ನ ಗಂಡ ಆರೂಢ. ಈ ಸೋಮವಾರ ಭಾವ ಗೌರೀಶ ತಮ್ಮ ಕಾರಿನಲ್ಲಿ ಕರೆದೊಯ್ದಿದ್ದರು. ಹುಬ್ಬಳ್ಳಿಗೆ ಮರಳುವ ಮುಂಚೆ ಅವರು ಎಲ್ಲವನ್ನೂ ನಿಧಾನವಾಗಿ ಹೇಳಿದರು. ಅವ್ವ ಇನ್ನು ತಮ್ಮ ಮನೆಯಲ್ಲಿರಲಿ, ಆಸ್ಪತ್ರೆ ಹತ್ತಿರ. ವ್ಯಾನಿಗೆ ಅಳ್ನಾವರದ ಗಿರಾಕಿ ಇದ್ದಾನೆ. ಮನೆಗೆ ಬೀಗ ಹಾಕಿ ನಾನು ಸ್ವಲ್ಪ ದಿನ ನವಲಗುಂದಕ್ಕೆ, ತವರಿಗೆ ಹೋಗಿ ಇರುವುದು ಒಳ್ಳೆಯದು. ಸ್ವಲ್ಪ ದಿನವೆಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಈ ಮನೆ ಬಿಟ್ಟರೆ ನನಗೆ ಅತ್ತೆಯೂ ಇರುವುದಿಲ್ಲ ಎಂಬುದಷ್ಟೇ ತಿಳಿಯಿತು.

ಗೋಡೆಗೆ ಒರಗಿ ಕುಳಿತಿದ್ದ ಅತ್ತೆ ನನ್ನ ಕಡೆ ಕೈ ತೋರಿಸಿ ಹೇಳಿದರು: "ಗುರುವಾರ ಶೈಲಾ ಕರ್ಕೊಂಡ ಹೋಗ್ಲಿ. ಆಮ್ಯಾಲ ನೋಡೂಣು."

ಧಾರವಾಡದಲ್ಲಿ ಎಂ.ಎ. ಓದುವಾಗ ಲೈಸೆನ್ಸ್ ಮಾಡಿಸಿದ್ದೆ. ಮದುವೆಯಾದ ಆರು ವರ್ಷದಲ್ಲಿ ವ್ಯಾನನ್ನು ನಾಲ್ಕಾರು ಸಲ ಓಡಿಸಿದ್ದೇನೆ. ಆಗೆಲ್ಲ ಅವರು ಬಾಜುಕ್ಕೆ ಕೂತಿರುತ್ತಿದ್ದರು.

ವ್ಯಾನು ದನದ ಮನೆಯ ಮುಂದೆ, ಇಳಿಜಾರಿನಲ್ಲಿ, ಮೂತಿ ಕೆಳಗಾಗಿ ನಿಂತಿತ್ತು. ಬ್ಯಾಟರಿ ಕೈಕೊಟ್ಟರೆ ಉರುಳಿಸಿ ಚಾಲೂ ಮಾಡಬಹುದೆಂದು ನಮ್ಮಲ್ಲಿ ಯಾವಾಗಲೂ ಹಾಗೆಯೇ ನಿಲ್ಲಿಸುವುದು. ಈ ಸಲ ನಿಲ್ಲಿಸಿದವನು ಪಕ್ಕದ ಮನೆಯ ಹೊಳೆಯಪ್ಪ. ಹೊಲದಲ್ಲಿ ಎದೆ ಹಿಡಿದುಕೊಂಡು ಕುಳಿತ ನನ್ನ ಗಂಡನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಅವನೇ ಓಡಿಸಿದ್ದ. ಮಿಶ್ರಿಕೋಟಿ ದಾಟುವಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ತಲೆ ಭಾರವಾಯಿತು. ಅವರಿಗೆ ಮೂವತ್ತಾರು.

ಅವರು ನೋಡುತ್ತಿದ್ದುದನ್ನೆಲ್ಲ ನಾನೂ ನೋಡಿದೆ. ರೇಡಿಯೇಟರಿಗೆ ಒಂದು ತಂಬಿಗೆ ನೀರು ಹಿಡಿಯಿತು. ಬ್ರೇಕ್ ಆಯಿಲ್ ಗೆರೆಯವರೆಗೆ ಇತ್ತು. ಗಾಲಿಗಳನ್ನು ಕಾಲಿನಿಂದ ಒದ್ದೆ. ಹಾಗೆ ಒದ್ದರೆ ಏನು ತಿಳಿಯುತ್ತದೆಂದು ನನಗೆ ಗೊತ್ತಿಲ್ಲ. ಕೊನೆಗೆ, ನಾನು ಯಾವಾಗಲೂ ಕೂರುತ್ತಿದ್ದ ಸೀಟನ್ನು ಎತ್ತಿದೆ. ಇಂಜಿನ್ ಇರುವುದು ಅದರ ಕೆಳಗೆ. ಆಯಿಲ್ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದೆ. ತುದಿಗಷ್ಟೇ ಹತ್ತಿತ್ತು. ಕೆಳಗಿನ ಗುರುತಿಗೂ ಮುಟ್ಟಿರಲಿಲ್ಲ. ಮನೆಯಲ್ಲಿದ್ದ ಡಬ್ಬಿಯಿಂದ ಅರ್ಧ ಸುರಿದೆ. ಮತ್ತೆ ನೋಡಿ ಉಳಿದರ್ಧವನ್ನೂ ಸುರಿದೆ. ಈಗ ಮೇಲಿನ ಗುರುತಿಗೆ ಬಂತು. ಐದು ದಿನದಲ್ಲಿ ಮೊದಲ ಬಾರಿ ಏನನ್ನೋ ಸರಿಯಾಗಿ ಮಾಡಿದೆನೆನಿಸಿತು.

ಮುಂದೆ ಕೂರುತ್ತೀರಾ ಎಂದು ಅತ್ತೆಯನ್ನು ಕೇಳಿದೆ. ತಲೆಯಾಡಿಸಿ, ಹಿಂದಿನ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ ಅಲ್ಲಿಯೇ ಕುಳಿತರು.

ಮಿಶ್ರಿಕೋಟಿ ಹತ್ತಿರ ಬರುತ್ತಿದ್ದಂತೆ ಕನ್ನಡಿಯಲ್ಲಿ ರಸ್ತೆ ಕಾಣದಾಯಿತು. ಹಿಂದೆಲ್ಲ ನೀಲಿ ಹೊಗೆ. ಬೈಕಿನವನೊಬ್ಬ ಕೈಮಾಡಿ ನಿಲ್ಲಿಸಲು ಹೇಳಿ ಮುಂದೆ ಹೋದ. ನಿಲ್ಲಿಸದೆ, ಸಾವಕಾಶ ಓಡಿಸಿಕೊಂಡು ಸಲೀಮನ ಗ್ಯಾರೇಜಿನವರೆಗೆ ತಂದೆ. ನಮ್ಮ ವ್ಯಾನಿನ ಕೆಲಸವೆಲ್ಲ ಅವನದೇ. ಮಣ್ಣಿಗೂ ಬಂದಿದ್ದ.

"ಗೌರೀಶಗ ಫೋನ್ ಮಾಡ್ಲೇನು?" ಎಂದರು ಅತ್ತೆ.

ನಾನು ಇಳಿದು ಸಲೀಮನನ್ನು ಕರೆದೆ. ಅತ್ತೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು.

ಸಲೀಮ ವ್ಯಾನನ್ನು ಗ್ಯಾರೇಜಿನ ಗಚ್ಚಿನ ಮೇಲೆ ನಿಲ್ಲಿಸಿ, ಸೀಟು ಎತ್ತಿಟ್ಟು ಬೀಡಿ ಹಚ್ಚಿದ. ಏಕೆ ಸುಮ್ಮನೆ ನಿಂತಿದ್ದಾನೆಂದು ನನಗೆ ತಿಳಿಯಲಿಲ್ಲ. ಬೀಡಿ ಮುಗಿದ ಮೇಲೆ ಕಡ್ಡಿ ಎಳೆದು ನೋಡಿದ.

"ಎಷ್ಟ ಹಾಕೀರಿ ವೈನಿ?"

ಒಂದು ಲೀಟರ್ ಎಂದೆ.

"ಗಾಡಿ ದನದ ಮನಿ ಮುಂದ ನಿಂತಿತ್ತೇನ್ರಿ? ಅಲ್ಲಿ ಕಡ್ಡಿ ಸುಳ್ಳ ಹೇಳತೈತಿ. ಸಪಾಟ ಜಾಗಾ ಬೇಕು, ಇಂಜಿನ್ ಬಂದ್ ಮಾಡಿ ಹತ್ತ ಮಿನಿಟ್ ಬಿಡಬೇಕು. ಅದಕ್ಕ ಆರೂಢ ಐತವಾರ ಮಠದ ಮುಂದಿನ ಕಲ್ಲಹಾಸಿಗಿ ಮ್ಯಾಲ ಒಯ್ತಿದ್ದ."

ಪ್ರತಿ ಐತವಾರ ಅವರು ವ್ಯಾನನ್ನು ಮಠದ ಮುಂದೆ ಒಯ್ಯುತ್ತಿದ್ದುದು ಹೌದು. ತಾಸಿನ ಮೇಲೆ ಬರುತ್ತಿದ್ದರು. ಕೊನೆಯ ಐತವಾರವೂ ನಾನು, ಮನೆಕೆಲಸ ತಪ್ಪಿಸಿ ಹರಟೆ ಹೊಡೆಯಲು ವ್ಯಾನೊಂದು ನೆಪ ನಿಮಗೆ ಎಂದಿದ್ದೆ. ಅವರು ನಕ್ಕು "ಹೌದ ನೋಡು" ಎಂದಿದ್ದರು. ಏಕೆ ಒಪ್ಪಿಕೊಂಡರೋ. ಆಯಿಲ್ ಇಳಿಯುವತನಕ ಕಾಯಬೇಕು ಎಂದು ಒಂದು ಮಾತು ಹೇಳಬಹುದಿತ್ತು.

ಆಯಿಲ್ ಹೆಚ್ಚಾಗಿ ಹೊಗೆ ಬಂದಿದೆ, ಹೆಚ್ಚಾದುದನ್ನು ತೆಗೆದರೆ ಆಯಿತು, ಇಂಜಿನ್ನಿಗೆ ಏನೂ ಆಗಿಲ್ಲ ಎಂದ ಸಲೀಮ. ಗೋಡೆಯ ಹಲಗೆಯ ಮೇಲೆ ನಟ್ಟು ಬಿಚ್ಚುವ ಅವನ ಪಾನಾಗಳು ತೂಗುತ್ತಿದ್ದವು. ಒಂದೊಂದರ ಹಿಂದೆಯೂ ಅದರದೇ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿದ್ದ. ಅವನ ಕೈ ಒಂದು ಖಾಲಿ ಆಕಾರದವರೆಗೆ ಹೋಗಿ ನಿಂತಿತು. ಹದಿನೇಳು ನಂಬರಿನದು ಎಲ್ಲೋ ಬಿದ್ದಿರಬೇಕು ಎನ್ನುತ್ತ ಬೇರೆ ಹುಡುಕತೊಡಗಿದ.

ಅತ್ತೆ ವ್ಯಾನಿನ ಒಳಗಿನಿಂದಲೇ ಅಂದರು: "ಸುಳ್ಳ ಹೇಳಬ್ಯಾಡೋ ಸಲೀಮಾ. ಯಾರ ಒಯ್ದಾರ?"

"ಆರೂಢ ಒಯ್ದಿದ್ದ್ರಿ ಅವ್ವಾರ. ನಾಳಿ ಕೊಡ್ತೇನಿ ಅಂದಿದ್ದ."

ಹಿಂದಿನ ಸೀಟಿನ ಕೆಳಗಿದ್ದ ಚೀಲವನ್ನು ಎಳೆದೆ. ಹದಿನೇಳು ನಂಬರಿನ ಪಾನಾ ಅದರಲ್ಲಿಯೇ ಇತ್ತು, ಅವರ ಹಳೆಯ ಬನಿಯನ್ನಿನ ತುಂಡಿನಲ್ಲಿ ಸುತ್ತಿ. ಸಲೀಮ ಅದನ್ನು ತೆಗೆದುಕೊಂಡು ವ್ಯಾನಿನ ಕೆಳಗೆ ಸರಿದ. ಆಯಿಲ್ ಸಣ್ಣ ಧಾರೆಯಾಗಿ ಬಾಣಲೆಗೆ ಬೀಳತೊಡಗಿತು.

ಆಗ ಭಾವನೇ ಫೋನ್ ಮಾಡಿದರು. ಎಲ್ಲಿದ್ದೀರಿ, ಆಸ್ಪತ್ರೆಗೆ ತಡವಾಗುತ್ತದೆ, ಡ್ರೈವರನನ್ನು ಕಳಿಸುತ್ತೇನೆ ಎನ್ನುತ್ತಿರುವುದು ನನಗೂ ಕೇಳಿಸಿತು. ಅತ್ತೆ ವ್ಯಾನಿನ ಕೆಳಗೆ ಕಾಣುತ್ತಿದ್ದ ಸಲೀಮನ ಕಾಲಿಗೆ, ಇನ್ನೆಷ್ಟು ಹೊತ್ತು ಎಂದು ಕೇಳಿದರು. ಕಾಲು ತಾಸು ಎಂದ.

"ಯಾರ್ನೂ ಕಳಸಬ್ಯಾಡ," ಎಂದರು ಅತ್ತೆ ಫೋನಿನಲ್ಲಿ. "ಗಾಡಿ ಭಾಳ ಹೊಗಿ ಉಗುಳೇತಿ, ನಿಂತಿಲ್ಲ. ನಾವು ಬರ್ತೇವಿ. ಸೋಮವಾರನೂ ಇಕೀನ ನನ್ನ ಕರ್ಕೊಂಡ ಬರ್ತಾಳ. ಆ ಅಳ್ನಾವರದಾವಗ ಬ್ಯಾಡ ಅಂತ ಹೇಳಿಬಿಡು."

ಆ ಕಡೆಯಿಂದ ಏನೋ ಅಂದರು. ಅತ್ತೆ ಕೇಳಿಸಿಕೊಂಡು ಫೋನನ್ನು ಮತ್ತೆ ಮಡಿಲಲ್ಲಿ ಇಟ್ಟುಕೊಂಡರು. ನನ್ನ ಕಡೆ ನೋಡಲಿಲ್ಲ.

ಸಲೀಮ ಕೆಳಗಿನಿಂದ ಬಂದು ಕಡ್ಡಿಯನ್ನು ನನ್ನ ಕೈಗೇ ಕೊಟ್ಟು ನೋಡಲು ಹೇಳಿದ. ಎರಡು ಗುರುತುಗಳ ನಡುವೆ ಇತ್ತು. ಸೀಟು ಇಳಿಸಿದೆವು. ಅವನು ಪಾನಾವನ್ನು ಒರೆಸಿ ನಮ್ಮ ಚೀಲಕ್ಕೆ ಹಾಕಲು ಹೋದ.

"ಇರ್ಲಿ ವೈನಿ. ನಿಮ್ಮ ಗಾಡಿಗೆ ಬೇಕಾಗ್ತೈತಿ."

"ಅವರು ಕೇಳಿ ಒಯ್ದಿದ್ರು," ಎಂದೆ. "ಬೇಕಾದಾಗ ನಾನೂ ಕೇಳಿ ಒಯ್ತೇನಿ."

ಅವನು ಪಾನಾವನ್ನು ಚೀಲದ ಮೇಲೆಯೇ ಬಿಟ್ಟು ಕೈ ಹಿಂದೆಗೆದ. ಚೀಲದ ಮೇಲಿದ್ದ ಪಾನಾವನ್ನು ಎತ್ತಿಕೊಂಡು ಹೋಗಿ, ಹಲಗೆಯ ಮೇಲೆ ಅದರ ಮೊಳೆಗೆ ಸಿಕ್ಕಿಸಿದೆ.