ಅಪ್ಪ ನೋಡಿದ ಪಂದ್ಯ

ನನ್ನ ಗಂಡ ಶಂಕರನಾರಾಯಣರು ಸಿವಿಲ್ ಇಂಜಿನಿಯರ್. ನ್ಯೂಜೆರ್ಸಿಯ ಯಾವ ಸೇತುವೆ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಲೆಕ್ಕ ಹಾಕಿಯೇ ಇಷ್ಟು ವರ್ಷ ಸಂಬಳ ತಂದವರು. ಅಂಥ ಮನುಷ್ಯ, ತಾವು ನೋಡಿದರೆ ವಿಕೆಟ್ ಬೀಳುತ್ತದೆ ಎಂದು ನಂಬುತ್ತಾರೆ. ಭಾರತ ಫೈನಲ್ ಆಡುವಾಗ ಕೊನೆಯ ಓವರುಗಳಲ್ಲಿ ಇವರು ನಮ್ಮ ಮೆಟುಚೆನ್ ಮನೆಯ ಗರಾಜಿನಲ್ಲಿ ನಿಂತಿರುತ್ತಾರೆ. ಗೆದ್ದ ಮೇಲೆ ನಾನು ಕೂಗಿ ಕರೆಯಬೇಕು. ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಕ್ರಿಕೆಟ್ಟಿಗಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಮಗ ನಚಿಕೇತ ಹೈಸ್ಕೂಲಿನಲ್ಲಿದ್ದಾಗ ಅವನ ಫುಟ್‌ಬಾಲ್ ಫೈನಲ್ ನೋಡಲು ಇವರು ರಜೆ ಹಾಕಿ ಹೋದರು. ನಚಿ ಹೊಡೆದ ಪೆನಾಲ್ಟಿ ಕಂಬಕ್ಕೆ ಬಡಿದು ಆಚೆ ಹೋಯಿತು. ಮಗ ನಾಲ್ಕು ದಿನ ಮುಖ ಊದಿಸಿಕೊಂಡು ಮರೆತ. ಇವರು ಮರೆಯಲಿಲ್ಲ. "ನಾನು ಹೋಗಬಾರದಿತ್ತು ಭಾನು, ನನ್ನ ಕಣ್ಣೇ ಸರಿಯಿಲ್ಲ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಅವನು ತಪ್ಪಿಸಿದ ಗೋಲಿಗೆ ಇವರು ತಮಗೆ ಶಿಕ್ಷೆ ಹಾಕಿಕೊಂಡರು. ಅಂದಿನಿಂದ ಮಗನ ಒಂದು ಆಟವನ್ನೂ ನೋಡಲಿಲ್ಲ.

ನಚಿ ಓದಲೆಂದು ಸ್ಕಾಟ್ಲೆಂಡಿಗೆ ಹೋದ, ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಉಳಿದ. ಮದುವೆ ಡೈವೋರ್ಸಿನಲ್ಲಿ ಮುಗಿಯಿತು, ಫುಟ್‌ಬಾಲ್ ಮುಗಿಯಲಿಲ್ಲ. ಟಿವಿಯಲ್ಲಿ ಬರುವ ಫುಟ್‌ಬಾಲ್ ಅಲ್ಲ ಅದು; ಮೂರನೆಯ, ನಾಲ್ಕನೆಯ ದರ್ಜೆಯ ಲೀಗು. ಹಗಲೆಲ್ಲ ಟೈಲ್ಸ್ ಗೋಡೌನಿನಲ್ಲಿ ಪೆಟ್ಟಿಗೆ ಹೊರುವುದು, ವಾರಕ್ಕೆರಡು ಸಂಜೆ ಪ್ರಾಕ್ಟೀಸು, ಶನಿವಾರ ಪಂದ್ಯ. ನಾನು ಒಂದು ಸಲ ಒಬ್ಬಳೇ ಹೋಗಿ ನೋಡಿಬಂದೆ. ಸಮುದ್ರದ ಗಾಳಿಗೆ ಕಿವಿ ಬಿದ್ದುಹೋಗುತ್ತಿತ್ತು. ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ನಚಿ ಮಿಡ್‌ಫೀಲ್ಡರ್. ಎದುರಿನವರಿಂದ ಚೆಂಡು ಕಸಿದು ತನ್ನವರಿಗೆ ಕೊಡುವುದು ಅವನ ಕೆಲಸ. ಪಂಕ್ತಿಯಲ್ಲಿ ಬಡಿಸುವವನ ಹಾಗೆ ಓಡಾಡಿದ್ದೇ ಬಂತು, ಊಟ ಬೇರೆಯವರದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ, ನನಗೆ ಅವತ್ತು ಮೈದಾನದಲ್ಲಿ ಅವನೊಬ್ಬನೇ ಕಂಡ.

ಅಲ್ಲಿ ಪಂದ್ಯ ಶುರುವಾಗುವಾಗ ಇಲ್ಲಿ ಬೆಳಿಗ್ಗೆ. ಕಂಪ್ಯೂಟರಿನಲ್ಲಿ ನೋಡಬಹುದು. ಆ ಹೊತ್ತಿಗೆ ಸರಿಯಾಗಿ ಇವರು ಫೋನು ಮನೆಯಲ್ಲೇ ಬಿಟ್ಟು ಪಕ್ಕದೂರು ಎಡಿಸನ್ನಿಗೆ ತರಕಾರಿ ತರಲು ಹೊರಡುತ್ತಾರೆ. ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪು ಕೊಳೆಯುತ್ತಿದ್ದರೂ ಇನ್ನೆರಡು ಕಟ್ಟು ತರುತ್ತಾರೆ. ಕಾರಣ ಏನೆಂದು ನಚಿಗೆ ಎಷ್ಟೋ ಸಲ ಹೇಳಿದ್ದೇನೆ. ಅವನು ನಂಬಲಿಲ್ಲ.

"ಅಮ್ಮ, that's just an excuse. ಅಪ್ಪಂಗೆ ಡಾಕ್ಟರ್ ಮಗ ಬೇಕಿತ್ತು. He's embarrassed, that's all."

ಈ ಮೇ ತಿಂಗಳಲ್ಲಿ ಅವನ ಕ್ಲಬ್ಬು ಅವನನ್ನು ಕೈಬಿಟ್ಟಿತು. ಅದಕ್ಕಿಂತ ಚಿಕ್ಕ ಕ್ಲಬ್ಬೊಂದು ಇನ್ನೊಂದು ವರ್ಷಕ್ಕೆ ಕರೆಯಿತು; ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಅಷ್ಟರಲ್ಲಿ ಅವನು ಮನೆಗೆ ಬಂದ. ಎರಡು ಸಲ ಆಪರೇಷನ್ ಆದ ಬಲ ಮೊಣಕಾಲು. ನಾನು ಫಿಸಿಯೋಥೆರಪಿಸ್ಟ್, ಜನರ ಮೊಣಕಾಲು ಹಿಡಿದೇ ಹೊಟ್ಟೆ ಹೊರೆದವಳು. ಒತ್ತಿ ನೋಡಿ, ಸಾಕು ಮಾರಾಯ, ನಿಲ್ಲಿಸು ಎಂದೆ. ಅದೇ ಹೊತ್ತಿಗೆ ನಮ್ಮ ಕೂಟದ ಸುಬ್ಬು ಬಂದು, ಭಾನುವಾರ ಜೆರಿಕೋ ಊರಿನ ಹುಡುಗರ ಜೊತೆ ಫುಟ್‌ಬಾಲ್ ಪಂದ್ಯವಿದೆ, ನಮಗೆ ಒಬ್ಬ ಕಡಿಮೆ ಎಂದ. ನಚಿ ಒಪ್ಪಿಕೊಂಡುಬಿಟ್ಟ. ನಾನು ರೇಗಿದೆ.

"ಇಲ್ಲೇ ಎಡಿಸನ್‌ನಲ್ಲಿ ಅಮ್ಮ. ಅಪ್ಪಂಗೆ ಫ್ಲೈಟ್ ಹತ್ತೋದೂ ಬೇಡ. ಒಂದೇ ಒಂದು ಸಲ ನೋಡ್ಲಿ. ನೋಡಿದ್ರೆ ಇನ್ನೊಂದು ವರ್ಷ ಆಡ್ತೀನಿ. ಇಲ್ಲಾಂದ್ರೆ, what was the point?"

ಭಾನುವಾರ ಇವರೇ ಡ್ರೈವ್ ಮಾಡಿಕೊಂಡು ಬಂದರು. ಮೈದಾನಕ್ಕೆ ಬೆನ್ನು ಮಾಡಿ ಕಾರು ನಿಲ್ಲಿಸಿದರು, ಕನ್ನಡಿಯನ್ನೂ ತಿರುಗಿಸಿದರು. ನಾನು ಒಬ್ಬಳೇ ಇಳಿದುಹೋದೆ. ನಚಿ ಆಡುತ್ತ ಆಡುತ್ತ ಪಾರ್ಕಿಂಗಿನ ಕಡೆ ನೋಡುತ್ತಿದ್ದ. ಅರ್ಧ ಆಟ ಮುಗಿದದ್ದೇ ನೀರನ್ನೂ ಕುಡಿಯದೆ ನೇರ ಕಾರಿನ ಹತ್ತಿರ ಹೋದ. ಜಗಳವಾದೀತೆಂದು ನಾನೂ ಹಿಂದೆ ಓಡಿದೆ.

"ಇಳಿ ಅಪ್ಪ."

"ಬೇಡ ಕಣೋ. ನಾನು ನೋಡಿದ್ರೆ ನಿಂಗೆ ಏನಾದ್ರೂ ಆಗತ್ತೆ."

"You actually believe that?"

"ನಂಬಿಕೆ ಗಿಂಬಿಕೆ ಏನಿಲ್ಲ. ಆದ್ರೆ ನಿನ್ನ ವಿಷಯದಲ್ಲಿ ಯಾಕೆ ರಿಸ್ಕ್ ತಗೋಬೇಕು?" ಇವರು ಸ್ಟಿಯರಿಂಗನ್ನೇ ನೋಡುತ್ತ ಹೇಳಿದರು. "ಪ್ರತಿ ಶನಿವಾರ ಆ ಅಂಗಡೀಲಿ ನಿಂತ್ಕೊಂಡು ರಾಯರನ್ನ ನೆನಸ್ಕೋತಿದ್ದೆ. ಹುಡುಗ ಬೀಳದೇ ಇರ್ಲಪ್ಪ ಅಂತ."

ನಚಿ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ. "I thought you were ashamed of me."

"ಥೂ! ಹುಚ್ಚಪ್ಪ."

ಇವರ ಕಣ್ಣಲ್ಲಿ ನೀರು ಬಂತು. ನನಗಂತೂ ಇಬ್ಬರಿಗೂ ಎರಡು ಬಾರಿಸಬೇಕೆನ್ನಿಸಿತು. ಹೇಳಬೇಕಾದ್ದನ್ನು ಹೇಳಲು ಇಷ್ಟು ವರ್ಷ ಬೇಕೇ? ನಚಿ ಬಾಗಿಲು ತೆಗೆದ. ಇವರು ಇಳಿದು ಬಂದರು.

ಆಮೇಲೆ ನಚಿ ಆಡಿದ ಆಟ ನಾನು ಸ್ಕಾಟ್ಲೆಂಡಿನಲ್ಲೂ ಕಂಡಿರಲಿಲ್ಲ. ಜೆರಿಕೋದ ಹುಡುಗರ ಕಾಲಿನಿಂದ ಚೆಂಡು ಕಸಿದು, ತಲೆಯೆತ್ತಿ, ಸುಬ್ಬುವಿನಂಥ ಬೊಜ್ಜಿನವನೂ ಓಡಿ ಮುಟ್ಟುವ ಹಾಗೆ ಕೊಡುತ್ತಿದ್ದ. ಇವರು ನನ್ನ ಕೈ ಬಿಗಿಯಾಗಿ ಹಿಡಿದು, "ಇದು ಚೆನ್ನಾಗಾಡಿದ್ದಾ? ಇದೂ ಚೆನ್ನಾಗಾಡಿದ್ದಾ?" ಎಂದು ಕೇಳುತ್ತಲೇ ಇದ್ದರು.

ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಯಾರೂ ತಾಗಲಿಲ್ಲ. ನಚಿ ಸುಮ್ಮನೆ ತಿರುಗಿದ, ಬಲ ಮೊಣಕಾಲು ಒಳಕ್ಕೆ ಬಾಗಿತು, ಕುಸಿದ. ಲಿಗಮೆಂಟ್ ಹರಿದಾಗ ಕಾಲು ಹೇಗೆ ಬಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇವರು ನನ್ನ ಕೈ ಬಿಟ್ಟರು. "ನೋಡಿದ್ಯಾ ಭಾನು, ನಾನು ಬಡ್ಕೊಂಡೆ..." ಎನ್ನುತ್ತ ಆ ಕಡೆ ಬೆನ್ನು ತಿರುಗಿಸಿದರು.

ನಚಿ ಬಿದ್ದಲ್ಲಿಂದ ತಲೆಯೆತ್ತಿದ. ನನ್ನನ್ನು ನೋಡಲಿಲ್ಲ, ಅಪ್ಪನ ಬೆನ್ನನ್ನು ನೋಡಿದ. "ಅಪ್ಪ! ಎಲ್ಲಿಗೆ? ಜಾರಿದೆ ಅಷ್ಟೆ. ನೋಡು!" ಎಂದು ಕೂಗಿ, ನಕ್ಕು, ಎದ್ದು ನಿಂತ. ಬಟ್ಟೆ ಕೊಡವಿದ. ಉಳಿದಷ್ಟು ಹೊತ್ತೂ ಆಡಿದ. ಓಡಲಿಲ್ಲ, ನಡುವೆ ನಿಂತಲ್ಲೇ ನಿಂತು, ಬಂದ ಚೆಂಡನ್ನು ಎಡಗಾಲಿನಲ್ಲಿ ಅವರಿವರಿಗೆ ದಾಟಿಸಿದ. ನಾನು ಏನಾದರೂ ಕೂಗಿಬಿಟ್ಟೇನೆಂದು ಸೆರಗು ಕಚ್ಚಿಕೊಂಡಿದ್ದೆ. ಇವರು ಮತ್ತೆ ಈ ಕಡೆ ತಿರುಗಿದ್ದರು.

"ಎಷ್ಟು ಆರಾಮಾಗಿ ಆಡ್ತಾನೆ ನೋಡೇ. ಓಡೋ ಅಗತ್ಯಾನೇ ಇಲ್ಲ ಅವನಿಗೆ!"

ಕಾರಿನ ತನಕ ನಚಿ ನೆಟ್ಟಗೆ ನಡೆದುಬಂದ. ಒಂದೊಂದು ಹೆಜ್ಜೆಗೂ ಅವನ ಕತ್ತಿನ ನರ ಬಿಗಿಯುವುದು ನನಗೆ ಕಾಣುತ್ತಿತ್ತು. ಇವರಿಗೆ ಅದೆಲ್ಲ ಎಲ್ಲಿ ಕಾಣಬೇಕು, ಮದುಮಗನ ಹಾಗೆ ಮುಂದೆ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಒಂದೇ ಮಾತು.

"ನಾನು ನೋಡ್ದೆ, ಏನೂ ಆಗ್ಲಿಲ್ಲ! ಇನ್ನೊಂದು ವರ್ಷ ಕರೀತಿದಾರೆ ಅಂದ್ಯಲ್ಲ, ಒಪ್ಕೊ. ಆಗಸ್ಟಿಗೆ ನಾನೂ ನಿಮ್ಮಮ್ಮನೂ ಬರ್ತೀವಿ. ಎಲ್ಲಾ ಮ್ಯಾಚೂ ನೋಡ್ತೀನಿ."

ಹಿಂದಿನ ಸೀಟಿನಲ್ಲಿ ನಚಿ ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿದಿದ್ದ. "ಇಲ್ಲ ಅಪ್ಪ. I'm done. ಸುಸ್ತಾಗಿದೆ ನಂಗೆ. ಇಲ್ಲೇ ಇರ್ತೀನಿ."

"ಇದೇನೋ! ಈಗ ತಾನೇ ನೋಡೋಕೆ ಶುರು ಮಾಡಿದೀನಿ, ಈಗ ನಿಲ್ಲಿಸ್ತೀಯಾ?"

"ನೋಡಿದ್ಯಲ್ಲ ಅಪ್ಪ. That's enough."

ಇವರಿಗೆ ಬೇಜಾರಾಯಿತು, ಆದರೆ ಬೇಜಾರಿಗಿಂತ ಸಂತೋಷ ದೊಡ್ಡದಿತ್ತು. ಮನೆ ಮುಟ್ಟಿದೊಡನೆ ಮೈಸೂರಿನ ತಮ್ಮನಿಗೆ ಫೋನ್ ಮಾಡಿ, ನಾನು ನೋಡಿದೆ, ನಾನು ನೋಡಿದೆ ಎನ್ನುತ್ತ ಒಳಗೆ ಹೋದರು. ನಚಿ ಕಾರಿನಿಂದ ಇಳಿಯದೆ ಕೂತಿದ್ದ. ನಾನು ಅವನ ಕಡೆಯ ಬಾಗಿಲು ತೆಗೆದು ಹೆಗಲು ಕೊಟ್ಟೆ.

"ಹೋದ್ರು ಕಣೋ," ಎಂದೆ. "ಈಗ ಕುಂಟು."