ಗುಡ್ಡದ ಕೆಂಪು ಬಟ್ಟೆಗಳು

ಗುಡ್ಡಕ್ಕೆ ಬೀಗ ಹಾಕುವುದೆಂದರೆ ತಮಾಷೆಯೇ? ಸರ್ಕಾರ ಹಾಕಿಯೇ ಬಿಟ್ಟಿತು. ಇನ್ನು ಮೇಲೆ ಗುಡ್ಡಕ್ಕೆ ಮೋಟಾರು ಗಾಡಿ ಹತ್ತುವಂತಿಲ್ಲ ಎಂದು ಆದೇಶ ಬಂತು, ಬುಡದಲ್ಲಿ ಕಬ್ಬಿಣದ ಗೇಟು ಬಂತು, ಅದರ ಕೀಲಿ ಅರಣ್ಯ ಇಲಾಖೆಯ ಗಾರ್ಡಿನ ಕೈಗೆ ಬಂತು. ಆದೇಶದಲ್ಲಿ ಸುಳ್ಳೇನೂ ಇರಲಿಲ್ಲ, ಇದ್ದದ್ದನ್ನು ಹೇಳಬೇಕಲ್ಲ. ಬೈಕುಗಳು ಹತ್ತಿ ಇಳಿದು ದಾರಿಯೆಲ್ಲ ಚರಂಡಿಯಾಗಿತ್ತು. ಕೆಳಗಿನವರ ನಲ್ಲಿಯಲ್ಲಿ ಕೆಸರು ಬರುತ್ತಿತ್ತು.

ಆದರೆ ಗಾರ್ಡಿನ ಭಾವನ ಹೊಟ್ಟೆಪಾಡು ಇದ್ದದ್ದೇ ಆ ಕೆಸರಿನಲ್ಲಿ. ಅಕ್ಕನ ಗಂಡ, ಬೈಕ್ ಮೆಕ್ಯಾನಿಕ್. ಬೈಕುಗಳನ್ನು ಬಾಡಿಗೆಗೆ ಕೊಟ್ಟು, ರಜೆ ಬಂದರೆ ಗಿರಾಕಿಗಳನ್ನು ತಾನೇ ಮುಂದೆ ನಿಂತು ಮೇಲೆ ಹತ್ತಿಸುತ್ತಿದ್ದ. ಗಾರ್ಡಿಗೆ ಬೈಕು ಕಲಿಸಿದವನೂ ಅವನೇ. ಗೇಟು ಬಂದ ಮೇಲೂ ಗುಡ್ಡದ ಹಿಂಬದಿಯ ಕಳ್ಳದಾರಿಯಲ್ಲಿ ಒಮ್ಮೆ ಹತ್ತಿ, ಇಲಾಖೆಯ ಸಾಹೇಬರ ಎದುರಿಗೇ ಸಿಕ್ಕಿಬಿದ್ದ. ಗಾರ್ಡು ದಂಡ ಹಾಕಲೇಬೇಕಾಯಿತು.

"ಯೂನಿಫಾರ್ಮ್ ಹಾಕ್ಕೊಂಡ್ರೆ ಸಂಬಂಧ ಎಲ್ಲಾ ಮರ್ತೇ ಹೋಗುತ್ತೆ, ಅಲ್ವಾ ಗಾರ್ಡ್ ಸಾಹೇಬ್ರೇ?" ಅಂದ ಭಾವ. ಅಷ್ಟೇ. ಆಮೇಲೆ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ.

ಗುಡ್ಡದ ಸವಾರರಲ್ಲಿ ಒಂದು ಕಟ್ಟಳೆಯಿತ್ತು. ದಾರಿ ಎಲ್ಲಾದರೂ ಕುಸಿದಿದ್ದರೆ, ಮೊದಲು ನೋಡಿದವನು ಅದಕ್ಕೂ ಹಿಂದಿನ ತಿರುವಿನ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಕಂಡರೆ ಇಳಿದು ನಡೆಯಬೇಕು. ಕಾಣದಿದ್ದರೆ ಕಣ್ಣುಮುಚ್ಚಿ ವೇಗ ಏರಿಸಬಹುದು. ಆ ನಂಬಿಕೆ ಯಾವತ್ತೂ ಹುಸಿಯಾಗಿರಲಿಲ್ಲ.

"ಏನ್ರೀ ಇದು ಗುಡ್ಡದ ತುಂಬಾ ಚಿಂದಿ?" ಎಂದು ಸಾಹೇಬರು ಮುಖ ಸಿಂಡರಿಸಿದರು. "ಇಲಾಖೆ ಬೋರ್ಡ್ ಬಿಟ್ಟು ಬೇರೆ ಗುರುತೇ ಇರಬಾರ್ದು. ಎಲ್ಲಾ ಕಿತ್ತುಹಾಕಿ."

"ಸಾರ್, ಅದು ಅಪಾಯದ ಗುರುತು..."

"ಗಾಡಿನೇ ಹತ್ತಲ್ಲ ಅಂದ್ಮೇಲೆ ಅಪಾಯ ಯಾರಿಗ್ರೀ?"

ಗಾರ್ಡು ಒಂದೊಂದಾಗಿ ಎಲ್ಲ ಬಿಚ್ಚಿದ. ನೆತ್ತಿಗೆ ಹತ್ತಿರದ ತಿರುವಿನಲ್ಲಿ ಕೈ ತಡೆಯಿತು. ಅಲ್ಲಿನದು ಹೊಸ ಬಟ್ಟೆ, ಕದ್ದು ಹತ್ತಿದ ಯಾರೋ ಕಟ್ಟಿದ್ದು. ಮುಂದೆ ಮೊನ್ನೆಯ ಮಳೆಗೆ ಅರ್ಧ ದಾರಿ ಕಂದಕಕ್ಕೆ ಜಾರಿತ್ತು. ದಂಡ ಕಟ್ಟಿದ ಮೇಲೆ ಭಾವ ಇತ್ತ ಬಂದಿಲ್ಲ, ಅವನಿಗೆ ಇದು ಗೊತ್ತಿಲ್ಲ. ಬಟ್ಟೆ ಬಿಚ್ಚಿದ್ದಂತೂ ಅವನಿಗೆ ಗೊತ್ತಾಗುವ ಹಾಗೇ ಇಲ್ಲ. ಹೇಳಲೇಬೇಕು ಅಂದುಕೊಂಡು ಅದನ್ನೂ ಬಿಚ್ಚಿದ.

ಸಂಜೆ ಫೋನ್ ಕೈಗೆತ್ತಿಕೊಂಡ. 'ಮಾತು ಬಿಟ್ಟಿದ್ದು ಅವರು. ನಾನ್ಯಾಕೆ ಸೋಲಲಿ?' ಎಂದು ಮತ್ತೆ ಜೇಬಿಗೆ ಹಾಕಿದ. ಮಾರನೇ ದಿನವೂ ಅದೇ ಹಾಡು. ಹಾಳು ಬಿಗುಮಾನ! ಅದಕ್ಕೆ ಬೆಂಕಿ ಹಾಕ!

ಭಾನುವಾರ ಬೆಳಿಗ್ಗೆ ಗುಡ್ಡದ ಹಿಂಬದಿಯಿಂದ ಇಂಜಿನ್ನಿನ ಸದ್ದು ಕೇಳಿತು. ಭಾವನ ಬೈಕೇ, ಅನುಮಾನವೇ ಇಲ್ಲ. ಗಾರ್ಡು ಫೋನ್ ಮಾಡಿದ, ರಿಂಗಾಗುತ್ತಲೇ ಇತ್ತು. ಗಾಡಿ ಮೇಲಿರುವವನಿಗೆ ಎಲ್ಲಿ ಕೇಳಬೇಕು? "ಭಾವಾ! ನಿಲ್ಸೀ!" ಎಂದು ಅರಚುತ್ತ, ಎದ್ದುಬಿದ್ದು ಹತ್ತಿದ. ಸದ್ದು ತಿರುವಿಗೆ ಬಂತು. ಒಂದಿಷ್ಟೂ ತಗ್ಗಲಿಲ್ಲ. ಆಮೇಲೆ ಸದ್ದೇ ಇಲ್ಲ.

ಆಸ್ಪತ್ರೆಯಲ್ಲಿ ಸಾಹೇಬರು ಬಂದು ಹೆಗಲು ತಟ್ಟಿದರು. "ನಿಷೇಧಿತ ಜಾಗ. ನಿಮ್ ತಪ್ಪೇನಿಲ್ಲ ಬಿಡಿ, ಆದೇಶ ಪಾಲಿಸಿದ್ದೀರಿ." ಗಾರ್ಡಿನ ಮೈಯೆಲ್ಲ ಉರಿದುಹೋಯಿತು.

ಶವಾಗಾರದ ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

"ಬಟ್ಟೆ ಕಂಡಿದ್ರೆ ಇಳೀದೆ ಇರೋರಲ್ಲ ಅವರು," ಅಂದಳು.

ಗಾರ್ಡು ಅವಳ ಕಾಲ ಬಳಿ ಕುಸಿದ. "ನಾನೇ ಬಿಚ್ಚಿದ್ದು ಅಕ್ಕಾ. ಹೇಳ್ಬೇಕು ಅಂತ ಫೋನ್ ತೆಗ್ದೆ. ಅವ್ರು ಮಾತು ಬಿಟ್ಟಿದ್ರಲ್ಲ, ಅದಕ್ಕೆ..."

ಅಕ್ಕ ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದಳು.

"ಅವರು ಬಿಟ್ಟಿದ್ರು ಕಣೋ. ನಾನು ಬಿಟ್ಟಿದ್ನಾ? ನನಗೆ ಹೇಳಬಹುದಿತ್ತಲ್ಲೋ."