ನಾಲ್ಕು ಮನೆ ಆಚೆಯ ತವರು

“ಇಲ್ಲಪ್ಪಾ, ಕಳಸಾಂಗಿಲ್ಲ,” ಎಂದಳು ಲಕ್ಷ್ಮಿಬಾಯಿ.

ಫೋನಿನ ಪರದೆಯ ತುಂಬ ಅವಳ ಮುಖವೇ ಇತ್ತು. ಹಿಂದೆ ಕಾಗವಾಡದ ಮನೆಯ ಹಸಿರು ಗೋಡೆ, ಗೋಡೆಗೆ ಒರಗಿಸಿದ ಜೋಳದ ಚೀಲ. ಇತ್ತ ಯುಗಾಂಡಾದ ಸಕ್ಕರೆ ಕಾರ್ಖಾನೆಯ ಕಾಲನಿಯಲ್ಲಿ, ಅವಳ ಮಗ ನಿತಿನನ ಮನೆಯ ಪಡಸಾಲೆಯಲ್ಲಿ, ಅಸದ ಎರಡೂ ಕೈಯಲ್ಲಿ ಫೋನು ಹಿಡಿದು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೊಂದು ಹೊಸ ಟವೆಲ್ಲು, ಕಾಲ ಬಳಿ ಬಟ್ಟೆಯ ಕೈಚೀಲ. ಅಡುಗೆಮನೆಯ ಬಾಗಿಲಲ್ಲಿ ಕೈಗೆ ಹಿಟ್ಟು ಮೆತ್ತಿಕೊಂಡ ಅಪೂರ್ವ. ನಿತಿನ ಕೂತಲ್ಲಿಂದ ಎದ್ದು ನಿಂತ. ಅವ್ವನಿಗೆ ಫೋನು ಮಾಡು ಎಂದು ಈ ಪುಣ್ಯಾತ್ಮನಿಗೆ ಹೇಳಿದವರು ಯಾರು?

ಆಟ ಹೂಡಿದವನು ನಿತಿನನೇ. ಅವನ ಹೆಂಡತಿ ಅಪೂರ್ವ ಐಗಳಿಯವಳು, ಒಬ್ಬಳೇ ಮಗಳು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಪಂಚಮಿಗೆ ಹೆಣ್ಣುಮಗಳನ್ನು ಗಂಡನ ಮನೆಯಿಂದ ಕರೆದೊಯ್ಯುವುದು ಅಣ್ಣತಮ್ಮಂದಿರ ಕೆಲಸ. ಅವರಿಲ್ಲದ ಮನೆಯಲ್ಲಿ ಅಪ್ಪ ಆಬಾಸಾಹೇಬನೇ ಆ ಕೆಲಸ ಮಾಡಿದ. ಹಬ್ಬ ಇನ್ನೂ ಮುಂದಿರುವಾಗಲೇ ಮೋಟರ್‌ಸೈಕಲ್ಲಿನ ಮೇಲೆ ಕಾಗವಾಡಕ್ಕೆ ಬಂದು, ಬೀಗರ ಮನೆಯ ಚಹಾ ಕುಡಿದು, ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ. ಗಂಡ ಹೆಂಡತಿ ಯುಗಾಂಡಾಕ್ಕೆ ಬಂದ ಮೇಲೆ ಒಂದು ದಿನ ಆಬಾಸಾಹೇಬ ತೀರಿಕೊಂಡ. ರಜೆ, ಟಿಕೆಟ್ಟು ಎಂದು ಇವರು ಒದ್ದಾಡುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು. ಐಗಳಿಯ ಮನೆಗೆ ಬೀಗ ಬಿತ್ತು.

ಕಳೆದ ವರ್ಷ ದುಃಖದ ವರ್ಷವೆಂದು ಹಬ್ಬದ ಮಾತೇ ಬರಲಿಲ್ಲ. ಈ ಸಲ ಶ್ರಾವಣ ಹತ್ತಿರ ಬಂದಾಗ ನಿತಿನ ಉಮೇದಿನಿಂದ, “ಪಂಚಮಿ ಜೋರ್ ಮಾಡೂಣು,” ಎಂದ.

“ಮಾಡೂಣಲ್ಲ. ಉಂಡಿ ಕಟ್ಟತೇನಿ, ತಿನ್ನೀರಂತ,” ಎಂದಳು ಅಪೂರ್ವ. “ಜೋಕಾಲಿ ಗೀಕಾಲಿ ಮಾತ್ರ ಬ್ಯಾಡ. ಕರಿಯಾಕ ಯಾರೂ ಇಲ್ಲದಾಕಿಗಿ ಎಂಥಾ ಜೋಕಾಲಿ?”

ಅತ್ತು ಹೇಳಿದ್ದರೆ ಅವನು ಸಮಾಧಾನ ಮಾಡುತ್ತಿದ್ದ. ಡಬ್ಬಿಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳುವ ಹಾಗೆ ಹೇಳಿ ಶೇಂಗಾ ಹುರಿಯತೊಡಗಿದಳು. ಅದೇ ಅವನಿಗೆ ಚುಚ್ಚಿತು.

ಮರುದಿನ ಅವನು ಕಾರ್ಖಾನೆಯಲ್ಲಿ ಅಸದನನ್ನು ಹಿಡಿದ. ನಿತಿನ ಪಾಕ ಕುದಿಸುವ ಪ್ಯಾನಿನ ಮೇಲಿನವನು, ಅಸದ ವರ್ಕ್‌ಶಾಪಿನ ಟರ್ನರ್. ರಾಯಬಾಗ ಕಡೆಯ ಮುಗಳಖೋಡದವನು. ಅವನೂ ಅವನ ಹೆಂಡತಿ ಅರ್ಶಿಯಾಳೂ ನಾಲ್ಕು ಮನೆ ಆಚೆ ಇದ್ದರು. ಅವರ ಅಂಗಳದಲ್ಲಿ ಇಡೀ ಕಾಲನಿಗೆ ದೊಡ್ಡದಾದ ಮಾವಿನ ಮರ. ನಿತಿನನ ಲೆಕ್ಕ ಸರಳವಾಗಿತ್ತು. ಅಸದ ಅಣ್ಣನಾಗಿ ಬರಬೇಕು, ಪಂಚಮಿಗೆ ಕರೆಯಬೇಕು, ಅಪೂರ್ವ ಹೋಗಿ ಒಂದು ತಾಸು ಜೋಕಾಲಿ ಆಡಬೇಕು, ಊಟದ ಹೊತ್ತಿಗೆ ಮನೆಗೆ ಬರಬೇಕು.

ಅಸದ ನಗಲಿಲ್ಲ. “ಖರೇನ ಕರೀಲೇನು?” ಎಂದು ಕೇಳಿದ.

“ಖರೇನ ಕರದಂಗ ಕರಿ ಮಾರಾಯಾ!”

ಅಲ್ಲಿಂದ ನಿತಿನನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೇಟೆಯಲ್ಲಿ ಹುಡುಕಿ ದಪ್ಪ ಹಗ್ಗ ತಂದ, ವರ್ಕ್‌ಶಾಪಿನಲ್ಲಿ ಕೂರುವ ಹಲಗೆಗೆ ತೂತು ಹಾಕಿಸಿದ. ಹೆಂಡತಿಯ ಎದುರು ಗುಟ್ಟು ಬಾಯಿಗೆ ಬಂದು, ಕೆಮ್ಮಿ ನುಂಗಿಕೊಂಡ. ಇಷ್ಟೆಲ್ಲ ಮಾಡಿದವನ ತಲೆಗೆ, ಕರೆಯಲು ಬಂದವನು ಮೊದಲು ಅತ್ತೆಯ ಅಪ್ಪಣೆ ಕೇಳಬೇಕೆಂಬುದು ಹೊಳೆದಿರಲಿಲ್ಲ. ಅಸದನಿಗೆ ಹೊಳೆದಿತ್ತು. ಈಗ ಅತ್ತೆ ಆಗುವುದಿಲ್ಲ ಎಂದು ಕೂತಿದ್ದಳು.

“ಯಾಕ್ರಿ ಅವ್ವಾರ?” ಅಸದನ ದನಿ ಇಳಿದಿತ್ತು.

“ಯಾಕಂದ್ರ? ನನ್ನ ಮಗಗ ರೊಟ್ಟಿ ಯಾರ ಬಡೀತಾರ? ಹಬ್ಬಾ ನಮ್ಮ ಮನ್ಯಾಗ ಇಲ್ಲೇನು? ಪಂಚಮಿ ಬಂತಂದ್ರ ಸಾಕು, ಚೀಲಾ ಹಿಡಕೊಂಡ ಬಂದ ನಿಂದರತೀರಿ.”

ನಿತಿನನ ಮನೆಯವರು ಜೈನರು. ಕರೆಯುತ್ತಿರುವುದು ಬೇರೆ ಧರ್ಮದವರ ಮನೆ, ಮೇಲೆ ಚಾತುರ್ಮಾಸ. ಅವ್ವ ಇನ್ನೇನು ಆಡುತ್ತಾಳೋ, ಅದನ್ನು ಕೇಳಿ ಅಸದನ ಮುಖ ಏನಾಗುತ್ತದೋ! ಅಪೂರ್ವಳಿಗೆ ಸಂತೋಷ ಕೊಡಲು ಹೋಗಿ ಇದ್ದ ಗೆಳೆತನಕ್ಕೂ ಕಲ್ಲು ಹಾಕಿಕೊಂಡೆನಲ್ಲ ಎನಿಸಿತು. “ಅವ್ವಾ, ಇದು ಚ್ಯಾಷ್ಟಿ…” ಎನ್ನುತ್ತ ಫೋನಿಗೆ ಕೈಚಾಚಿದ.

ಅಪೂರ್ವ ಹಿಟ್ಟಿನ ಕೈಯಿಂದಲೇ ಅವನ ಮುಂಗೈ ಹಿಡಿದಳು. “ಸುಮ್ಮಿರ್ರಿ,” ಎಂದು ಪಿಸುಗುಟ್ಟಿದಳು. ಅವಳ ಕಣ್ಣು ಹೊಳೆಯುತ್ತಿದ್ದವು. “ಅತ್ತ್ಯಾರು ಅಪ್ಪಗೂ ಹಿಂಗ ಅಂತಿದ್ರು. ವರ್ಷಾ ಇದ ಮಾತು!”

ಕೇಳಿದ ಕೂಡಲೇ ಕಳಿಸಿಬಿಟ್ಟರೆ ಸೊಸೆಗೆ ಆ ಮನೆಯಲ್ಲಿ ಬೆಲೆ ಇಲ್ಲವೆಂದೇ ಅರ್ಥ. ಹಾಗಾಗಿ ಅತ್ತೆಯಾದವಳು ಮೊದಲು ಇಲ್ಲ ಎನ್ನಬೇಕು, ಕರೆಯಲು ಬಂದವರು ಬೇಡಬೇಕು. ಆಬಾಸಾಹೇಬ ಬರುತ್ತಿದ್ದ ಹೊತ್ತಿಗೆ ನಿತಿನ ಯಾವಾಗಲೂ ಊರ ಕಡೆಯ ಕಾರ್ಖಾನೆಯ ಪಾಳಿಯಲ್ಲಿರುತ್ತಿದ್ದ. ಪಡಸಾಲೆಯಲ್ಲಿ ನಡೆಯುತ್ತಿದ್ದ ಈ ಜಗ್ಗಾಟ ಅವನ ಕಿವಿಗೆ ಬಿದ್ದಿರಲೇ ಇಲ್ಲ. ಗಂಡಸರಿಗೆ ತಮ್ಮ ಮನೆಯದೇ ಎಷ್ಟೋ ಸಂಗತಿ ಹೀಗೆ ಗೊತ್ತಾಗದೆ ಉಳಿಯುತ್ತವೆ.

ಅಪೂರ್ವ ಅಸದನ ಕಡೆ ತಿರುಗಿದಳು. ನಿನ್ನೆಯವರೆಗೆ ಅವಳು ಅವನನ್ನು ಅಸದಭಾಯಿ ಎಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. “ಅಣ್ಣಾ, ಬಿಡಬ್ಯಾಡ,” ಎಂದಳು. “ಇನ್ನೊಮ್ಮಿ ಕೇಳು.”

ಅಸದ ಬೆನ್ನು ನೆಟ್ಟಗೆ ಮಾಡಿದ. “ಅವ್ವಾರ, ಐದ ದಿನಾ ಕಳಸ್ರಿ. ತಂಗಿ ಬರಲಿಲ್ಲಂದ್ರ ನಮ್ಮ ಮನ್ಯಾಗ ಹಬ್ಬಾನ ಆಗಾಂಗಿಲ್ಲ.”

“ಐದಂತ ಐದು! ಒಂದ ದಿನಾ ಕರಕೊಂಡ ಹೋಗು.”

“ಒಂದ ದಿನದಾಗ ಏನ್ ಆಗತೈತ್ರಿ? ಜೋಕಾಲಿ ಹಗ್ಗಾನೂ ಬಿಸಿ ಆಗಾಂಗಿಲ್ಲ.”

“ಮೂರು. ಅದಕ್ಕಿಂತ ಒಂದ ತಾಸು ಹೆಚ್ಚ ಇಲ್ಲ. ಆಮ್ಯಾಲ ನನ್ನ ಮಗಾ ಕರಿಯಾಕ ಬರ್ತಾನ.” ಲಕ್ಷ್ಮಿಬಾಯಿ ಬೆರಳೆತ್ತಿದಳು. “ಹೊತ್ತ ಮುಳಗಿದ ಮ್ಯಾಲ ಆಕಿ ಉಣ್ಣಾಂಗಿಲ್ಲ, ನೋಡಪಾ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಡ್ಯಾಂಗಿಲ್ಲ.”

“ಗೊತ್ತೈತ್ರಿ. ಹೊಸಾ ಭಾಂಡೇ ತಂದೇನ್ರಿ. ಅರ್ಶಿಯಾ ಒಲಿ ಸೈತ ಬ್ಯಾರೇ ಇಟ್ಟಾಳ. ಮುಗಳಖೋಡದಾಗ ನಮ್ಮ ಬಾಜೂಕ ನಿಮ್ಮವರದ ಮನಿ ಐತ್ರಿ.”

ನಿತಿನ ಅಸದನನ್ನೇ ನೋಡಿದ. ಹೊಸ ಪಾತ್ರೆಯ ಮಾತನ್ನು ಅವನು ಯಾರ ಹತ್ತಿರವೂ ಆಡಿರಲಿಲ್ಲ. ಲಕ್ಷ್ಮಿಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಏನ್ ಹೆಸರಂದಿ ತಮ್ಮಾ?”

“ಅಸದ್ರಿ.”

“ಅಸದಾ, ಜೋಕಾಲಿ ಮ್ಯಾಲ ಏರಿದ್ರ ನಮ್ಮ ಸೊಸಿಗಿ ಮೈಮ್ಯಾಲ ಎಚ್ಚರ ಇರಾಂಗಿಲ್ಲ. ಹಗ್ಗಾ ಗಟ್ಟಿ ನೋಡಿ ಕಟ್ಟು.”

ಫೋನು ಕೆಳಗಿಡುವ ಮೊದಲೇ ಅಪೂರ್ವ ಒಳಗೆ ಓಡಿದ್ದಳು. ಕಪಾಟಿನ ಬಾಗಿಲು ಧಡಾರೆಂದಿತು. ಒಂದು ತಾಸಿನ ಆಟಕ್ಕೆ ಹಸಿರು ಸೀರೆ, ಹಳದಿ ಸೀರೆ, ಬಾಚಣಿಗೆ, ಎಣ್ಣೆಯ ಬಾಟಲಿ ಎಲ್ಲವೂ ಬ್ಯಾಗಿಗೆ ಇಳಿಯುತ್ತಿದ್ದುದನ್ನು ಕಂಡು ನಿತಿನ ಗಾಬರಿಯಾದ.

“ಅಪೂ, ನಾಕ ಮನಿ ಆಚೇಕ ಐತಿ. ರಾತ್ರಿ ಮಲಗಾಕರೆ ಇಲ್ಲಿಗಿ ಬಾ.”

“ತವರಮನಿಗಿ ಹೋದಾಕಿ ರಾತ್ರಿ ಗಂಡನ ಮನಿಗಿ ಬರ್ತಾಳೇನ್ರಿ?” ಅವಳು ಬ್ಯಾಗಿನ ಜಿಪ್ಪು ಎಳೆದಳು. “ಫ್ರಿಜ್ಜಿನ್ಯಾಗ ಬ್ಯಾಳಿ ಐತಿ. ಕಾಸಿಕೊಂಡ ಉಣ್ರಿ.”

ಅಸದ ಬ್ಯಾಗು ಹೊತ್ತು ಮುಂದೆ, ಅವಳು ಹಿಂದೆ. ಬೆನ್ನ ಹಿಂದೆ ಗಂಡನೊಬ್ಬ ನಿಂತಿದ್ದಾನೆಂಬ ನೆನಪೂ ಅವಳಿಗಿದ್ದಂತಿರಲಿಲ್ಲ. ನಿತಿನ ಬಾಗಿಲಲ್ಲಿ ನಿಂತು ತನ್ನ ಬುದ್ಧಿಗೆ ತಾನೇ ಶಾಪ ಹಾಕಿಕೊಂಡ. ಆದರೆ ತುಟಿಯ ಮೇಲಿನ ನಗೆ ಮಾತ್ರ ಹೋಗಲೊಲ್ಲದು.

ಹಬ್ಬದ ದಿನ ಅವನಿಗೆ ಪಾಳಿ ಇತ್ತು. ಪ್ಯಾನಿನ ಮಹಡಿಯ ಕಿಟಕಿಯಿಂದ ಮಾವಿನ ಮರ ಚಿಕ್ಕದಾಗಿ ಕಾಣುತ್ತಿತ್ತು. ಬೆಳಿಗ್ಗೆ ಹೆಂಗಸರು ಕಬ್ಬಿನ ಗದ್ದೆಯ ಅಂಚಿನ ದೊಡ್ಡ ಹುತ್ತಕ್ಕೆ ಹಾಲೆರೆದು ಬಂದಿದ್ದರಂತೆ. ಇಲ್ಲಿಯ ಮಂದಿ ಗೆದ್ದಲನ್ನು ಹುರಿದು ತಿನ್ನುವವರು. ಹುತ್ತಕ್ಕೆ ಹಾಲು ಕುಡಿಸುವವರನ್ನು ಕಂಡು ಬಿದ್ದು ಬಿದ್ದು ನಕ್ಕರಂತೆ. ನಗುತ್ತಲೇ ಕಬ್ಬು ಕಡಿಯುವ ಹೆಂಗಸರೂ ಜೋಕಾಲಿಯ ಸರದಿಗೆ ನಿಂತರಂತೆ. ಮಧ್ಯಾಹ್ನ ಹಸಿರು ಸೀರೆಯೊಂದು ಮರದ ಎಲೆಗಳಿಂದ ಹೊರಗೆ ಚಿಮ್ಮಿತು, ಮರೆಯಾಯಿತು, ಮತ್ತೆ ಇನ್ನೂ ಮೇಲೆ ಚಿಮ್ಮಿತು. ನಿಂತುಕೊಂಡೇ ಜೀಕುತ್ತಿದ್ದಳು! ನಿತಿನನಿಗೆ ಕಿರುಚಿ ಎಲ್ಲರಿಗೂ ತೋರಿಸಬೇಕೆನಿಸಿತು. ಕುದಿಯುವ ಪಾಕವನ್ನು ಅಂದು ಪಕ್ಕದವನೇ ನೋಡಿಕೊಂಡ.

ಸಂಜೆ ತಡೆಯಲಾರದೆ ಅಸದನ ಮನೆಯ ಗೇಟಿಗೆ ಹೋದ. ಅರ್ಶಿಯಾ ಗೇಟು ತೆಗೆಯಲಿಲ್ಲ.

“ಇವತ್ತ್ಯಾಕ ಬಂದ್ರಿ ದಾಜಿ? ಕರಿಯಾಕ ಬರೋ ದಿನಾ ನಾಳಿ ಅಲ್ಲೇನ್ರಿ?”

ದಾಜಿ ಎಂದರೆ ಆ ಮನೆಯ ಹೆಣ್ಣುಮಗಳ ಗಂಡ. ಇಷ್ಟು ದಿನ ಈ ಮನೆಗೆ ನೇರ ಅಡುಗೆಮನೆಯವರೆಗೆ ನುಗ್ಗುತ್ತಿದ್ದವನು ಈಗ ಗೇಟಿನ ಮೇಲಿಂದ ಶೇಂಗಾ ಉಂಡಿಯ ತಾಟು ಇಸಿದುಕೊಂಡು ಮರಳಬೇಕಾಯಿತು. ಒಳಗಿನಿಂದ ಅಪೂರ್ವಳ ನಗೆ ಕೇಳಿಸಿತು. ಅವಳು ಹಣಿಕಿ ಸಹ ಹಾಕಲಿಲ್ಲ. ಬೇಳೆ ಕಾಸಿಕೊಂಡು ಉಣ್ಣುತ್ತ ಕೂತಾಗ ಮನೆ ಬಣಬಣ ಎಂದಿತು. ಕಾಗವಾಡದಲ್ಲಿ ಪ್ರತಿ ಪಂಚಮಿಗೂ ಹೀಗೇ ಬಣಬಣ ಎನ್ನುತ್ತಿತ್ತೆಂದು ನೆನಪಾಗಿ ಅವನಿಗೆ ಊರು ಬಹಳ ಹತ್ತಿರ ಬಂತು.

ಮರುದಿನ ಇಳಿಹೊತ್ತಿಗೆ ಮಿಂದು, ಇಸ್ತ್ರಿಯ ಅಂಗಿ ತೊಟ್ಟು, ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣಿನ ಚಿಪ್ಪು ಹಿಡಿದು ಹೊರಟ. ಅಸದ ಗೇಟಿನಲ್ಲೇ ಕಾದಿದ್ದ. ಕಾಲಿಗೆ ತಂಬಿಗೆ ನೀರು ಕೊಟ್ಟ, ಕುರ್ಚಿ ಹಾಕಿದ. ಹೊತ್ತು ಮುಳುಗುವ ಮುಂಚೆ ಎಲ್ಲರ ಊಟ ಮುಗಿಯಿತು.

“ಇನ್ನೆರಡ ದಿನಾ ಇರಲಿ ಬಿಡ್ರಿ ದಾಜಿ,” ಎಂದ ಅಸದ.

ನಿತಿನನಿಗೆ ಈಗ ಈ ವಿದ್ಯೆ ಗೊತ್ತಿತ್ತು. “ಹೆಂಗ್ ಬಿಡಲ್ರಿ? ಮನ್ಯಾಗ ಭಾಳ ಕೆಲಸ ಅದಾವು,” ಎಂದ. ಅಸದನಿಗೆ ಅವನು ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು. ಇಬ್ಬರಿಗೂ ನಗು ಬಂತು, ಇಬ್ಬರೂ ನಗಲಿಲ್ಲ.

ಅರ್ಶಿಯಾ ಉಡಿ ತುಂಬುವ ರೀತಿಯನ್ನು ಮುಗಳಖೋಡದಲ್ಲಿದ್ದ ಅತ್ತೆ ಮೆಹರುಬಿಯನ್ನು ಫೋನಿನಲ್ಲಿ ಕೇಳಿ ತಿಳಿದುಕೊಂಡಿದ್ದಳು. ಅಪೂರ್ವಳನ್ನು ಮಣೆಯ ಮೇಲೆ ಕೂರಿಸಿ ಕುಬುಸದ ಬಟ್ಟೆ, ತೆಂಗಿನಕಾಯಿ, ಅಕ್ಕಿ ಎಲ್ಲ ಉಡಿಗೆ ಹಾಕಿದಳು. ಉಂಡಿಯ ಡಬ್ಬಿ ಕೈಗಿತ್ತಳು. ಅಪೂರ್ವ ಉಡಿ ಹಿಡಿದುಕೊಂಡು ಎದ್ದಳು, ನಗುತ್ತಲೇ ಬಾಗಿಲವರೆಗೆ ಬಂದಳು. ಹೊಸ್ತಿಲಲ್ಲಿ ಅವಳ ಕಾಲು ನಿಂತುಬಿಟ್ಟಿತು.

ಅಲ್ಲಿಂದ ಅವಳ ಮನೆ ಕಾಣುತ್ತಿತ್ತು. ನಿತಿನ ಹಗ್ಗದ ಮೇಲೆ ಒಣಹಾಕಿದ ಟವೆಲ್ಲು ಕೂಡ ಕಾಣುತ್ತಿತ್ತು. ಅಪೂರ್ವ ಅರ್ಶಿಯಾಳ ಹೆಗಲಿಗೆ ಮುಖವಿಟ್ಟು ದೊಡ್ಡ ದನಿ ತೆಗೆದು ಅತ್ತಳು. ಅಪ್ಪನ ಸುದ್ದಿ ಬಂದ ದಿನ ಫೋನು ಹಿಡಿದುಕೊಂಡು ಗೋಡೆ ನೋಡುತ್ತ ಕೂತಿದ್ದವಳು ಇವಳೇ. ಅಂದು ಬರದ ಅಳು ಇವತ್ತು ಬಂತು. ನಿತಿನ ಅವಳ ಬ್ಯಾಗು ಎತ್ತಿಕೊಂಡ.

“ಹುಚ್ಚಿ, ಅಳಬ್ಯಾಡ,” ಎಂದ ಅಸದ. ಅವನ ದನಿಯೂ ನೆಟ್ಟಗಿರಲಿಲ್ಲ. “ದೀಪಾವಳಿಗಿ ಮತ್ತ ಕರಿಯಾಕ ಬರ್ತೇನಿ.”

ಇಬ್ಬರೂ ಕೆಂಪು ಮಣ್ಣಿನ ದಾರಿಗಿಳಿದರು. ದಾರಿ ಬೇಗ ಮುಗಿಯದಿರಲೆಂದು ಅಪೂರ್ವ ನಿಧಾನ ನಡೆದಳು. ಎರಡನೆಯ ಮನೆ ದಾಟುವಾಗ ತಿರುಗಿ ನೋಡಿದಳು, ಮೂರನೆಯದು ದಾಟುವಾಗ ಮತ್ತೆ ನೋಡಿದಳು. ನಿತಿನ ಬೀಗ ತೆಗೆದು, ಒಳಗೆ ದೀಪ ಹಾಕಿ, ಕಿಟಕಿಯ ಪರದೆ ಸರಿಸಿದ. ಅಲ್ಲಿಯವರೆಗೂ ನಿಂತು ನೋಡುತ್ತಿದ್ದ ಅಸದ ಆಗ ತನ್ನ ಗೇಟು ಎಳೆದುಕೊಳ್ಳುತ್ತಿದ್ದ.